ಕರು ಈಯುವವರೆಗೆ ಕಾಯಬೇಕಾದ ಲಸಿಕೆ

ಕಾಲುಬಾಯಿ ಜ್ವರದ ಲಸಿಕೆ ಫಲಿಸಿತೇ ಇಲ್ಲವೇ ಎಂಬುದು ಮುಂದಿನ ಬಾರಿ ರೋಗ ಊರಿಗೆ ಬಂದಾಗ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಹಸುಗಳು ತಿಂಗಳು ತುಂಬುವ ಮೊದಲೇ ಕಂದು ಹಾಕುವ, ಅಂದರೆ ಗರ್ಭಪಾತವಾಗುವ, ಕಂದು ರೋಗದ (ಬ್ರುಸೆಲ್ಲೋಸಿಸ್) ಲಸಿಕೆಯ ಫಲ ತಿಳಿಯಬೇಕಾದರೆ, ಇಂದು ಲಸಿಕೆ ಹಾಕಿಸಿಕೊಂಡ ಹೆಣ್ಣುಗರು ಕಡಸಾಗಿ, ಬೆದೆಗೆ ಬಂದು, ಗಬ್ಬ ನಿಂತು, ತಿಂಗಳು ತುಂಬಿ ಈಯಬೇಕು. ಎಲ್ಲವೂ ಸರಿಯಾಗಿ ನಡೆದರೂ ಎರಡು, ಎರಡೂವರೆ ವರ್ಷ ಬೇಕು. ಅಷ್ಟರೊಳಗೆ ಯೋಜನೆಯ ಹಣ ಮುಗಿದಿರುತ್ತದೆ, ಕೆಲಸಕ್ಕಿದ್ದ ಹುಡುಗರು ಬೇರೆ ಕಡೆ ಸೇರಿರುತ್ತಾರೆ, ಎಷ್ಟೋ ಸಲ ಆ ಕರುವೇ ಸಂತೆಯಲ್ಲಿ ಮಾರಾಟವಾಗಿ ಬೇರೊಂದು ತಾಲ್ಲೂಕು ಸೇರಿರುತ್ತದೆ. ಪಶುವೈದ್ಯ ಪದವಿ ಮುಗಿಸಿ ಈ ರೋಗಕ್ಕೆ ಹೊಸ ಲಸಿಕೆ ರೂಪಿಸುವ ತಂಡವನ್ನು ಸೇರಿಕೊಂಡಾಗ ನನಗೆ ಪ್ರಯೋಗಾಲಯದ ಕೆಲಸವೇ ಕಷ್ಟದ್ದಾಗಿರುತ್ತದೆ ಎನ್ನಿಸಿತ್ತು. ನಿಜವಾಗಿ ಕಷ್ಟವಾದದ್ದು ಈ ರೋಗದ ನಿಧಾನಕ್ಕೆ ನಮ್ಮ ಕೆಲಸವನ್ನು ಹೊಂದಿಸುವುದು.

ಈ ರೋಗ ತರುವ ಬ್ರುಸೆಲ್ಲಾ ಅಬಾರ್ಟಸ್ ಎಂಬ ಬ್ಯಾಕ್ಟೀರಿಯಾವನ್ನು ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ 1897ರಲ್ಲಿ ಕಂದು ಹಾಕಿದ ಹಸುಗಳಲ್ಲಿ ಗುರುತಿಸಿದ್ದರು. ಇದರ ಸೋಂಕು ತಗುಲಿದ ಹಸು ಸಾಯುವುದಿಲ್ಲ, ಮೇವು ಬಿಡುವುದಿಲ್ಲ, ಸೊರಗುವುದೂ ಇಲ್ಲ. ಗಬ್ಬದ ಐದನೆಯ ತಿಂಗಳು ಕಳೆದ ಮೇಲೆ ಒಂದು ದಿನ ಕಂದು ಹಾಕುತ್ತದೆ, ಕಸ (ಮಾಸು) ಸರಿಯಾಗಿ ಬೀಳುವುದಿಲ್ಲ. ಮುಂದಿನ ಸಲ ಅದೇ ಹಸು ಬಹಳಷ್ಟು ಮಟ್ಟಿಗೆ ತಿಂಗಳು ತುಂಬಿಯೇ ಈಯುತ್ತದೆ. ಮನೆಯವರು ರೋಗ ಹೋಯಿತು ಎಂದುಕೊಳ್ಳುತ್ತಾರೆ. ಬ್ಯಾಕ್ಟೀರಿಯಾ ಮಾತ್ರ ಕೆಚ್ಚಲಿನಲ್ಲಿ, ಅದರ ಪಕ್ಕದ ದುಗ್ಧಗ್ರಂಥಿಗಳಲ್ಲಿ ಕುಳಿತೇ ಇರುತ್ತದೆ. ಹಾಲಿನಲ್ಲಿ ಬರುತ್ತದೆ, ಈಯುವಾಗಿನ ನೀರಿನಲ್ಲಿ, ಕಸದಲ್ಲಿ ಬರುತ್ತದೆ. ನಮ್ಮ ಕಡೆ ಬಿದ್ದ ಕಸವನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೋ ಅತ್ತಿ ಮರಕ್ಕೋ ಕಟ್ಟುವ ರೂಢಿಯಿದೆ. ಹಾಲು ಸುರಿಯುವ ಮರಕ್ಕೆ ಕಟ್ಟಿದರೆ ಹಸುವಿನ ಹಾಲೂ ಹೆಚ್ಚುತ್ತದೆ ಎಂಬ ನಂಬಿಕೆ. ಕಟ್ಟುವವರು ಬರಿಗೈಯಲ್ಲೇ ಕಟ್ಟುತ್ತಾರೆ. ಈಯಿಸುವಾಗಲೂ ಬರಿಗೈಯೇ. ಆಮೇಲೆ ತಿಂಗಳುಗಟ್ಟಲೆ ಸಂಜೆಯ ಜ್ವರ, ಬೆವರು, ಸೊಂಟ ಮತ್ತು ಕೀಲುಗಳ ನೋವು ಶುರುವಾದರೆ ಟೈಫಾಯಿಡ್ ಎಂದೋ ವಾತ ಎಂದೋ ಔಷಧಿ ನಡೆಯುತ್ತದೆ. ಹಸುವಿಗೆ ಹೇಗೋ ಮನುಷ್ಯರಿಗೂ ಹಾಗೆಯೇ ಇದು ಬಿಡದೆ ಕಾಡುವ ರೋಗ.

ಆಸ್ಟ್ರೇಲಿಯಾ 1989ರ ಹೊತ್ತಿಗೆ ತನ್ನ ದನಗಳನ್ನು ಈ ರೋಗದಿಂದ ಮುಕ್ತಗೊಳಿಸಿತು. ಅಲ್ಲಿ ಲಸಿಕೆಯ ಜೊತೆಗೆ ಹಿಂಡಿನ ರಕ್ತ ಪರೀಕ್ಷೆ ಮಾಡಿ ಸೋಂಕು ಕಂಡ ದನವನ್ನು ಕಸಾಯಿಖಾನೆಗೆ ಕಳುಹಿಸಿದರು. ಸಾಲ ಮಾಡಿ ತಂದ ಒಂದೋ ಎರಡೋ ಮಿಶ್ರತಳಿ ಹಸುವಿನ ಮೇಲೆ ಮನೆ ನಡೆಯುವ ನಮ್ಮ ಹಳ್ಳಿಗಳಲ್ಲಿ ಆ ದಾರಿಯಿಲ್ಲ. ಕೊಲ್ಲುವುದನ್ನು ಸಮಾಜ ಒಪ್ಪುವುದಿಲ್ಲ, ಸೋಂಕಿರುವ ಹಸುವಿಗೆ ಗುಣಪಡಿಸುವ ಚಿಕಿತ್ಸೆಯಿಲ್ಲ, ರೈತ ಅದನ್ನು ಸಂತೆಗೆ ಹೊಡೆದರೆ ರೋಗ ಇನ್ನೊಬ್ಬರ ಕೊಟ್ಟಿಗೆಗೆ ಹೋಗುತ್ತದೆ. ಆದ್ದರಿಂದ ನಮ್ಮಲ್ಲಿ ಲಸಿಕೆಯ ಮೇಲೆ ಬೀಳುವ ಭಾರ ಬೇರೆ ದೇಶಗಳಿಗಿಂತ ಬಹಳ ಹೆಚ್ಚು. 2019ರ ಸೆಪ್ಟೆಂಬರಿನಲ್ಲಿ ಶುರುವಾದ ರಾಷ್ಟ್ರೀಯ ಪ್ರಾಣಿರೋಗ ನಿಯಂತ್ರಣ ಕಾರ್ಯಕ್ರಮ ಕಾಲುಬಾಯಿ ಜ್ವರದ ಜೊತೆಗೆ ಕಂದು ರೋಗವನ್ನೂ ಸೇರಿಸಿಕೊಂಡು, 4ರಿಂದ 8 ತಿಂಗಳ ಪ್ರತಿಯೊಂದು ಹೆಣ್ಣುಗರುವಿಗೂ ಜೀವಮಾನದಲ್ಲಿ ಒಂದು ಸಲ ಲಸಿಕೆ ಹಾಕಬೇಕು ಎಂದು ಗುರಿ ಇಟ್ಟುಕೊಂಡದ್ದು ಸರಿಯಾದ ನಿರ್ಧಾರ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಆ ಲಸಿಕೆಯ ಹೆಸರು ಎಸ್-19. ಅಮೆರಿಕದ ಜಾನ್ ಬಕ್ 1923ರಲ್ಲಿ ಜರ್ಸಿ ಹಸುವೊಂದರ ಹಾಲಿನಿಂದ ಬೇರ್ಪಡಿಸಿದ ತಳಿ ಅದು. ಮೊದಲಿಗೆ ರೋಗ ತರುವಷ್ಟು ತೀಕ್ಷ್ಣವಾಗಿದ್ದ ಆ ಬ್ಯಾಕ್ಟೀರಿಯಾ ಪ್ರಯೋಗಾಲಯದ ಸಾಮಾನ್ಯ ಉಷ್ಣತೆಯಲ್ಲಿ ವರ್ಷಕ್ಕೂ ಹೆಚ್ಚು ಕಾಲ ಉಳಿದಿತ್ತು. ಆಮೇಲೆ ನೋಡಿದಾಗ ತೀಕ್ಷ್ಣತೆ ಕುಂದಿ, ರಕ್ಷಣೆ ಕೊಡುವ ಗುಣ ಉಳಿದಿತ್ತು. ಯಾಕೆ ಕುಂದಿತು ಎಂಬುದರ ಒಂದು ಭಾಗವಾದರೂ ತಿಳಿದದ್ದು ಜೀನ್‌ಗಳನ್ನು ಓದಲು ಬಂದ ಮೇಲೆ. ಹಸುವಿನ ಗರ್ಭದಲ್ಲಿ, ಕಸದಲ್ಲಿ ಎರಿಥ್ರಿಟಾಲ್ ಎಂಬ ಸಕ್ಕರೆಯಂಥ ವಸ್ತು ಧಾರಾಳವಾಗಿರುತ್ತದೆ. ರೋಗದ ಬ್ರುಸೆಲ್ಲಾಕ್ಕೆ ಅದು ಬಹಳ ಇಷ್ಟದ ಆಹಾರ. ಅದು ಗಬ್ಬದ ಕೊನೆಯ ತಿಂಗಳುಗಳಲ್ಲಿ ಗರ್ಭದೊಳಗೆ ಉಕ್ಕಿ ಬೆಳೆಯುವುದಕ್ಕೆ ಇದನ್ನು ಮುಖ್ಯ ಕಾರಣವೆಂದು ಹೇಳುತ್ತಾರೆ. ಎಸ್-19ರಲ್ಲಿ ಈ ವಸ್ತುವನ್ನು ಅರಗಿಸುವ ಜೀನ್‌ಗಳ ಒಂದು ತುಂಡು ಕಳಚಿಹೋಗಿದೆ. ಹಾಗಾಗಿ ಎರಿಥ್ರಿಟಾಲ್ ಬೆರೆಸಿದ, ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ತಟ್ಟೆಯ ಮೇಲೆ ಅದು ಬೆಳೆಯುವುದಿಲ್ಲ. ಯಾರೂ ಯೋಜಿಸದೆ ಸಿಕ್ಕ ಈ ತಳಿ ತೊಂಬತ್ತು ವರ್ಷಗಳಷ್ಟು ಕಾಲ ಜಗತ್ತಿನ ದನಗಳನ್ನು ಕಾಯ್ದಿದೆ ಎಂಬುದು ನನಗೆ ಈಗಲೂ ಬೆರಗಿನ ಸಂಗತಿ.

ಹೀಗಿದ್ದೂ ಹೊಸದು ಯಾಕೆ ಬೇಕು ಎಂದು ಕೇಳಬಹುದು. ಎಸ್-19 ಗಬ್ಬದ ಹಸುವಿಗೆ ಹೋದರೆ ಕಂದು ಹಾಕಿಸಬಲ್ಲದು. ಚುಚ್ಚುವವರ ಕೈಗೇ ಸೂಜಿ ತಗುಲಿದರೆ ಅವರಿಗೆ ರೋಗ ತರಬಲ್ಲದು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಬ್ರುಸೆಲ್ಲಾದ ಮೈಮೇಲೆ ಸಕ್ಕರೆಯ ಉದ್ದ ಸರಪಳಿಗಳಿವೆ. ರಕ್ತದ ರೋಸ್ ಬೆಂಗಾಲ್ ಪರೀಕ್ಷೆಯಾಗಲಿ ಹಾಲಿನ ಉಂಗುರ ಪರೀಕ್ಷೆಯಾಗಲಿ ಪತ್ತೆಮಾಡುವುದು ಮುಖ್ಯವಾಗಿ ಆ ಸರಪಳಿಯ ವಿರುದ್ಧ ಹುಟ್ಟಿದ ಪ್ರತಿಕಾಯಗಳನ್ನು. ಎಸ್-19ಕ್ಕೂ ಅದೇ ಸರಪಳಿ ಇರುವುದರಿಂದ ಲಸಿಕೆ ಹಾಕಿಸಿಕೊಂಡ ಹಸುವೂ ರೋಗದ ಹಸುವೂ ಪರೀಕ್ಷೆಯಲ್ಲಿ ಒಂದೇ ರೀತಿ ಕಾಣುತ್ತವೆ. ಎಳೆಗರುವಿಗೆ ಹಾಕಿದರೆ ಆ ಪ್ರತಿಕಾಯಗಳು ದೊಡ್ಡದಾಗುವ ಹೊತ್ತಿಗೆ ಬಹುಪಾಲು ಇಳಿಯುತ್ತವೆ. 8 ತಿಂಗಳ ಗಡಿ ಇರುವುದು ಅದಕ್ಕಾಗಿ. ಅಮೆರಿಕ 1996ರಲ್ಲಿ ಆರ್‌ಬಿ-51 ಎಂಬ, ಸರಪಳಿ ಇಲ್ಲದ ತಳಿಗೆ ಹೊರಳಿತು. ಅದರಿಂದ ಪರೀಕ್ಷೆಯ ಗೊಂದಲ ತಪ್ಪಿತು. ಆದರೆ ಆ ತಳಿ ರಿಫಾಂಪಿಸಿನ್‌ಗೆ ಬಗ್ಗುವುದಿಲ್ಲ, ಅದು ಮನುಷ್ಯರ ಚಿಕಿತ್ಸೆಗೆ ಬಳಸುವ ಮುಖ್ಯ ಔಷಧಿಗಳಲ್ಲಿ ಒಂದು. ನಮ್ಮಲ್ಲಿ ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಎಸ್-19ರಲ್ಲೇ ಸರಪಳಿ ಕಟ್ಟುವ ಒಂದು ಜೀನ್ ತೆಗೆದು ಹೊಸ ತಳಿ ಮಾಡಿದ್ದಾರೆ. ನಮ್ಮ ತಂಡ ಹಿಡಿದದ್ದೂ ಅದೇ ದಿಕ್ಕಿನ, ಬೇರೊಂದು ಜೀನಿನ ದಾರಿ.

ಪ್ರಯೋಗಾಲಯವೆಂದರೆ ಮೂರನೆಯ ಹಂತದ ಜೈವಿಕ ಸುರಕ್ಷಾ ಕೊಠಡಿ. ಒಳಗಿನ ಗಾಳಿ ಶೋಧಕಗಳ ಮೂಲಕವಲ್ಲದೆ ಹೊರಗೆ ಹೋಗುವುದಿಲ್ಲ. ಮೈಮುಚ್ಚುವ ಉಡುಪು, ಎರಡು ಜೊತೆ ಕೈಗವಸು, ಮುಖಕ್ಕೆ ಬಿಗಿಯಾದ ಮಾಸ್ಕ್. ಹೊರಬರುವಾಗ ಸ್ನಾನ. ಬ್ರುಸೆಲ್ಲಾ ಗಾಳಿಯಲ್ಲಿ ತೇಲುವ ಕಣಗಳಿಂದಲೂ ಸೋಂಕುತ್ತದೆ. ಪ್ರಯೋಗಾಲಯದ ಕೆಲಸಗಾರರನ್ನು ಹೆಚ್ಚಾಗಿ ಬಾಧಿಸುವ ಬ್ಯಾಕ್ಟೀರಿಯಾಗಳ ಸಾಲಿನಲ್ಲಿ ಇದು ಮುಂದಿದೆ. ನಮ್ಮ ತಂಡದ ಮುಖ್ಯಸ್ಥೆ ಹೊಸಬರಿಗೆಲ್ಲ ಮೊದಲು ಒಂದು ವಾರ ಬರಿಯ ನೀರಿನಲ್ಲಿ ಪಿಪೆಟ್ ಹಿಡಿಸುತ್ತಿದ್ದರು. “ಅವಸರ ಇದ್ದವರು ಬೇರೆ ಬ್ಯಾಕ್ಟೀರಿಯಾ ನೋಡಿಕೊಳ್ಳಿ” ಎನ್ನುತ್ತಿದ್ದರು.

ಜೀನ್ ತೆಗೆಯುವ ಕೆಲಸ ನಾವು ಎಣಿಸಿದ್ದಕ್ಕಿಂತ ಬೇಗ ಆಯಿತು. ಸರಪಳಿ ಹೋಗಿದೆಯೇ ಎಂದು ನೋಡುವ ವಿಧಾನ ಹಳೆಯದು, ಸುಂದರವಾದದ್ದು. ತಟ್ಟೆಯ ಮೇಲೆ ಬೆಳೆದ ಕಾಲೊನಿಗಳ (ಬ್ಯಾಕ್ಟೀರಿಯಾದ ಪುಟ್ಟ ಗುಂಪುಗಳ) ಮೇಲೆ ಕ್ರಿಸ್ಟಲ್ ವಯೊಲೆಟ್ ಎಂಬ ಬಣ್ಣ ಸುರಿದು ತೆಗೆಯುತ್ತಾರೆ. ಸರಪಳಿ ಇರುವ ನುಣುಪು ಕಾಲೊನಿ ಬಣ್ಣ ಹಿಡಿಯುವುದಿಲ್ಲ, ಜೇನಿನ ಬಣ್ಣದಲ್ಲೇ ಪಾರದರ್ಶಕವಾಗಿ ಉಳಿಯುತ್ತದೆ. ಸರಪಳಿ ಕಳೆದುಕೊಂಡ ಒರಟು ಕಾಲೊನಿ ನೇರಳೆಯಾಗುತ್ತದೆ. ನಮ್ಮ ತಟ್ಟೆ ಪೂರ್ತಿ ನೇರಳೆಯಾದ ದಿನ ಎಲ್ಲರೂ ಸಂಭ್ರಮಪಟ್ಟೆವು. ಪರೀಕ್ಷೆಯ ಗೊಂದಲ ತರದ ತಳಿ ಕೈಗೆ ಬಂದಿತ್ತು. ಅದು ರಕ್ಷಿಸುತ್ತದೆಯೇ ಎಂಬುದು ಇಲಿಗಳಲ್ಲಿ ತಿಳಿಯಬೇಕಿತ್ತು.

ಇಲ್ಲಿ ಎರಡು ಪರೀಕ್ಷೆಗಳಿವೆ. ಜಗತ್ತಿನಾದ್ಯಂತ ಒಪ್ಪಿತವಾದ ಕ್ರಮದಲ್ಲೇ ಮಾಡಬೇಕು. ಒಂದರಲ್ಲಿ ಲಸಿಕೆ ಕೊಟ್ಟ ಇಲಿಗಳಿಗೆ 30 ದಿನಗಳ ನಂತರ ರೋಗದ ತಳಿ 544 ಅನ್ನು ಕೊಟ್ಟು, ಮತ್ತೆ 15 ದಿನಕ್ಕೆ ಗುಲ್ಮ ತೆಗೆದು ಅದರಲ್ಲಿ ಎಷ್ಟು ಬ್ಯಾಕ್ಟೀರಿಯಾ ಉಳಿದಿದೆ ಎಂದು ಎಣಿಸುತ್ತಾರೆ. ಇನ್ನೊಂದರಲ್ಲಿ ಲಸಿಕೆಯ ತಳಿಯನ್ನಷ್ಟೇ ಕೊಟ್ಟು 3, 6, 9 ಮತ್ತು 12ನೆಯ ವಾರಗಳಲ್ಲಿ ಗುಲ್ಮಗಳನ್ನು ನೋಡಿ, ಅರ್ಧದಷ್ಟು ಇಲಿಗಳು ಅದನ್ನು ಹೊರಹಾಕಲು ಎಷ್ಟು ಕಾಲ ಬೇಕಾಯಿತು ಎಂದು ಲೆಕ್ಕ ಹಾಕುತ್ತಾರೆ. ಒಳ್ಳೆಯ ಎಸ್-19ಕ್ಕೆ ಅದು ಸುಮಾರು ಏಳು ವಾರ. ಮೊದಲ ಸಲ ಓದಿದಾಗ ನನಗೆ ಇದು ತಲೆಕೆಳಗಾಗಿ ಕಂಡಿತು. ಲಸಿಕೆ ಮೈಯಿಂದ ಬೇಗ ಹೋದಷ್ಟೂ ಒಳ್ಳೆಯದಲ್ಲವೇ?

ನಮ್ಮ ನೇರಳೆ ತಳಿ ಮೂರನೆಯ ವಾರಕ್ಕೇ ಹೆಚ್ಚುಕಡಿಮೆ ಎಲ್ಲ ಇಲಿಗಳಿಂದ ಮಾಯವಾಗಿತ್ತು. ಇದಕ್ಕಿಂತ ಸುರಕ್ಷಿತವಾದ ಲಸಿಕೆ ಇರಲಾರದು. ಆದರೆ ರೋಗದ ತಳಿ ಕೊಟ್ಟು ನೋಡಿದಾಗ, ಲಸಿಕೆ ಪಡೆದ ಇಲಿಗಳ ಗುಲ್ಮಗಳೂ ಪಡೆಯದ ಇಲಿಗಳ ಗುಲ್ಮಗಳೂ ಹೆಚ್ಚಿನ ವ್ಯತ್ಯಾಸವಿಲ್ಲದೆ ಊದಿಕೊಂಡಿದ್ದವು. ತಟ್ಟೆಗಳ ಮೇಲಿನ ಎಣಿಕೆಯೂ ಅದನ್ನೇ ಹೇಳಿತು. ಎಸ್-19 ಪಡೆದ ಗುಂಪು ಮಾತ್ರ ಚೆನ್ನಾಗಿತ್ತು.

ಆ ಸಂಜೆಯ ಚರ್ಚೆಯಲ್ಲಿ ದೀರ್ಘಕಾಲದ ಬ್ಯಾಕ್ಟೀರಿಯಾ ರೋಗಗಳ ಲಸಿಕೆಯ ಕಷ್ಟ ನನಗೆ ನಿಜವಾಗಿ ಅರ್ಥವಾಯಿತು. ದನಗಳ ಗಂಟಲುಬೇನೆಯಂಥ (ಗಳಲೆ) ರೋಗದ ಬ್ಯಾಕ್ಟೀರಿಯಾ ಜೀವಕೋಶದ ಹೊರಗೇ ಬೆಳೆಯುತ್ತದೆ, ಆದ್ದರಿಂದ ಸತ್ತ ಬ್ಯಾಕ್ಟೀರಿಯಾದ ಲಸಿಕೆ ಕೊಟ್ಟು ಪ್ರತಿಕಾಯ ಹುಟ್ಟಿಸಿದರೂ ರಕ್ಷಣೆ ಸಿಗುತ್ತದೆ. ಬ್ರುಸೆಲ್ಲಾ ಹಾಗೆ ಬಯಲಿಗೆ ಸಿಗುವುದಿಲ್ಲ. ತನ್ನನ್ನು ನುಂಗಲು ಬಂದ ಮ್ಯಾಕ್ರೋಫೇಜ್ ಕೋಶದೊಳಗೇ ಹೊಕ್ಕು, ಅದರ ಅರಗಿಸುವ ಚೀಲಕ್ಕೆ ಸಿಕ್ಕದೆ, ಒಳಗಿನ ಜಾಲದಲ್ಲಿ ಸುರಕ್ಷಿತವಾಗಿ ಹೆಚ್ಚುತ್ತದೆ. ರಕ್ತದಲ್ಲಿ ಎಷ್ಟು ಪ್ರತಿಕಾಯ ಓಡಾಡಿದರೂ ಅದಕ್ಕೆ ತಟ್ಟುವುದು ಕಡಿಮೆ. ಸೋಂಕಿದ ಕೋಶವನ್ನು ಗುರುತಿಸಿ, ಗಾಮಾ ಇಂಟರ್‌ಫೆರಾನ್ ಎಂಬ ಸಂಕೇತದ ವಸ್ತುವನ್ನು ಸುರಿಸಿ, ಒಳಗಿರುವುದನ್ನು ಕೊಲ್ಲಲು ಅದೇ ಮ್ಯಾಕ್ರೋಫೇಜನ್ನು ಹುರಿದುಂಬಿಸುವ ಟಿ ಕೋಶಗಳು ಬೇಕು. ಅವು ತಯಾರಾಗಬೇಕಾದರೆ ಲಸಿಕೆಯ ತಳಿ ಜೀವಂತವಾಗಿ, ಅದೇ ಅಡಗುತಾಣದಲ್ಲಿ, ಕೆಲವು ವಾರವಾದರೂ ನಿಲ್ಲಬೇಕು. ತುಂಬಾ ದಿನ ನಿಂತರೆ ಅದೇ ರೋಗ, ಬೇಗ ಹೊರಟರೆ ಕಲಿಸಿದ್ದು ಏನೂ ಇಲ್ಲ. ಆ ಏಳು ವಾರದ ಲೆಕ್ಕ ಇರುವುದು ಇದನ್ನು ಅಳೆಯುವುದಕ್ಕೆ. ಜಾನುವಾರು ಕ್ಷಯವಾಗಲಿ, ಕರುಳನ್ನು ವರ್ಷಗಟ್ಟಲೆ ತಿನ್ನುವ ಜೋನ್ಸ್ ರೋಗವಾಗಲಿ, ಅವುಗಳ ಲಸಿಕೆಯವರೂ ಇದೇ ಇಕ್ಕಟ್ಟಿನಲ್ಲಿ ದಶಕಗಳಿಂದ ಇದ್ದಾರೆ. ಅಲ್ಲಿಯೂ ಲಸಿಕೆಯಿಂದಾಗಿ ಪರೀಕ್ಷೆಯ ಫಲಿತಾಂಶ ಕೆಡುವ ಕಾಟ ಇದ್ದೇ ಇದೆ.

ಮುಂದಿನ ತಳಿಯಲ್ಲಿ ಸರಪಳಿಯನ್ನು ಪೂರ್ತಿ ತೆಗೆಯದೆ, ಅದು ಕಡಿಮೆಯಾಗುವಂತೆ ಮಾತ್ರ ಮಾಡಿದೆವು. ಸರಪಳಿ ಬ್ಯಾಕ್ಟೀರಿಯಾದ ಕವಚವೂ ಹೌದು ಎಂಬುದು ಆ ಹೊತ್ತಿಗೆ ನಮಗೆ ಮನದಟ್ಟಾಗಿತ್ತು. ಈ ಸಲ ಇಲಿಗಳಲ್ಲಿ ತಳಿ ಇನ್ನಷ್ಟು ವಾರ ಉಳಿಯಿತು. 544ರ ವಿರುದ್ಧ ಗುಲ್ಮದ ಎಣಿಕೆ ಎಸ್-19ರ ಸಮೀಪಕ್ಕೆ ಬಂದಿತು. ಪರೀಕ್ಷೆಯ ಗೊಂದಲ ಪೂರ್ತಿ ಹೋಗಲಿಲ್ಲ, ಪ್ರತಿಕಾಯ ಕಡಿಮೆ ಹುಟ್ಟಿ ಬೇಗ ಇಳಿಯಿತು. ಇದನ್ನು ನಾನು ಸೋಲೆಂದು ಕರೆಯುವುದಿಲ್ಲ. ಹಳ್ಳಿಯ ಹಸುವಿಗೆ ಮೊದಲು ಬೇಕಾದದ್ದು ರಕ್ಷಣೆ.

ಬಾಟಲಿಗೆ ಇಳಿಸುವ ಕೆಲಸದ ಬಗ್ಗೆ ಯಾರೂ ಹೆಚ್ಚು ಬರೆಯುವುದಿಲ್ಲ, ನಮ್ಮ ಕಾಲವನ್ನು ಬಹಳ ತಿಂದದ್ದು ಅದೇ. ಭಾರತದಲ್ಲಿ ಎಸ್-19ರ ಒಂದು ಪೂರ್ಣ ಡೋಸಿನಲ್ಲಿ ನಾಲ್ಕು ಸಾವಿರ ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು. ಹೆಪ್ಪುಗಟ್ಟಿಸಿ ಒಣಗಿಸಿದಾಗ ಅವುಗಳಲ್ಲಿ ಒಂದು ಪಾಲು ಸಾಯುತ್ತದೆ, ತಂಪಿಲ್ಲದ ಡಬ್ಬಿಯಲ್ಲಿ ಇನ್ನೊಂದು ಪಾಲು. ಕೇಸಿನ್, ಸಕ್ಕರೆ, ಸೋಡಿಯಂ ಗ್ಲುಟಮೇಟ್ ಬೆರೆತ ದ್ರಾವಣ ಅವನ್ನು ಕಾಪಾಡುತ್ತದೆ. ಈ ಪಾಕ ಎಸ್-19ಕ್ಕೆ ಚೆನ್ನಾಗಿ ಒಗ್ಗಿದೆ. ಕವಚ ತೆಳುವಾದ ನಮ್ಮ ತಳಿಗೆ ಅಷ್ಟಾಗಿ ಒಗ್ಗಲಿಲ್ಲ. ಒಣಗಿಸುವ ವೇಗವನ್ನೂ ಪಾಕದ ಪ್ರಮಾಣವನ್ನೂ ಬದಲಾಯಿಸುತ್ತಾ, ಪ್ರತಿ ಸಲವೂ ಕಾಲೊನಿ ಎಣಿಸುತ್ತಾ, ಅಲ್ಲಿ ಒಂದಿಡೀ ಮಳೆಗಾಲ ಕಳೆಯಿತು.

ಇದರ ಜೊತೆಗೇ ನಡೆದ ಇನ್ನೊಂದು ಕೆಲಸವೆಂದರೆ, ಸರ್ಕಾರಿ ಕಾರ್ಯಕ್ರಮದಲ್ಲಿ ಎಸ್-19 ಹಾಕಿಸಿಕೊಂಡ ಕರುಗಳನ್ನು ಹಿಂಬಾಲಿಸುವುದು. ಹೊಸ ತಳಿಯಿಂದ ಪ್ರತಿಕಾಯ ಬೇಗ ಇಳಿಯುತ್ತದೆ ಎಂದು ಹೇಳಬೇಕಾದರೆ ಹಳೆಯದರಿಂದ ಎಷ್ಟು ಕಾಲಕ್ಕೆ ಇಳಿಯುತ್ತದೆ ಎಂಬ ಲೆಕ್ಕ ನಮ್ಮ ಹಳ್ಳಿಗಳದ್ದೇ ಬೇಕಿತ್ತು. ಮಂಡ್ಯ ಜಿಲ್ಲೆಯ ಕೆಲವು ಊರುಗಳಿಗೆ ಸ್ಥಳೀಯ ಪಶುವೈದ್ಯರ ಜೊತೆ ಬೆಳಗ್ಗೆ ಹಾಲು ಹಾಕುವ ಹೊತ್ತಿಗೆ ಹೋಗುತ್ತಿದ್ದೆವು. ಡೈರಿಯ ಮುಂದೆ ನಿಂತರೆ ಎಲ್ಲ ಮನೆಯವರೂ ಸಿಗುತ್ತಾರೆ. ಕಿವಿಯ ಹಳದಿ ಓಲೆಯ 12 ಅಂಕಿ ನೋಡಿ ಕರುವನ್ನು ಗುರುತಿಸಿ, ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆದು, ಸೀರಮ್ ಬೇರ್ಪಡಿಸಿ, ಒಂದು ಹನಿಗೆ ಒಂದು ಹನಿ ರೋಸ್ ಬೆಂಗಾಲ್ ಪರೀಕ್ಷೆಯ ಗುಲಾಬಿ ಬಣ್ಣದ ದ್ರಾವಣ ಬೆರೆಸಿ ನಾಲ್ಕು ನಿಮಿಷ ಅಲುಗಿಸುವುದು. ಹರಳು ಕಟ್ಟಿದರೆ ಪ್ರತಿಕಾಯ ಇದೆ.

ಮೊದಮೊದಲು ಒಬ್ಬ ತಾಯಿ ಕರುವನ್ನು ಹಿಡಿದುಕೊಡಲು ಒಪ್ಪಲಿಲ್ಲ. “ಲಸಿಕೆ ಹಾಕಿದ ದಿನ ಜ್ವರ ಬಂದು ಎರಡು ದಿನ ಹಾಲು ಕುಡಿಯಲಿಲ್ಲ, ಕುತ್ತಿಗೆ ಊದಿತ್ತು. ಈಗ ರಕ್ತ ಬೇರೆ ತೆಗೆಯುತ್ತೀರಾ ಡಾಕ್ಟರೇ?” ಎಂದರು. ಜೊತೆಗಿದ್ದ ಪಶುವೈದ್ಯರು, “ಹೌದಮ್ಮ, ಆ ಜ್ವರ ಬರುವುದೇ. ನಿಮ್ಮ ದೊಡ್ಡ ಹಸು ಹೋದ ವರ್ಷ ಏಳು ತಿಂಗಳಿಗೆ ಕಂದು ಹಾಕಿತಲ್ಲ, ಈ ಕರುವಿಗೆ ಹಾಗಾಗಬಾರದು ಎಂದೇ ಹಾಕಿದ್ದು” ಎಂದರು. ಆಕೆ ಸ್ವಲ್ಪ ಹೊತ್ತು ಯೋಚಿಸಿ ಹಗ್ಗ ಬಿಗಿ ಮಾಡಿದರು. ಆಮೇಲೆ ಕೇಳಿದ ಪ್ರಶ್ನೆ ನಮ್ಮ ಸಭೆಗಳಲ್ಲಿ ಯಾರೂ ಕೇಳದ್ದು: “ದೊಡ್ಡ ಹಸುವಿನ ಹಾಲನ್ನು ನಾವು ಕುಡಿಯಬಹುದೇ?” ಚೆನ್ನಾಗಿ ಕುದಿಸಿದರೆ ಕುಡಿಯಬಹುದು. ಅದನ್ನು ಹೇಳುವುದರ ಜೊತೆಗೆ, ಈಯಿಸುವಾಗ ಕೈಗವಸು ಹಾಕಿಕೊಳ್ಳಬೇಕು, ಕಸವನ್ನು ಸುಣ್ಣ ಹಾಕಿ ಆಳವಾಗಿ ಹೂಳಬೇಕು ಎಂದೂ ಹೇಳಿಬಂದೆವು. ಮಾರನೆಯ ವಾರ ಪಶುವೈದ್ಯರು ಅವರ ಮನೆಗೆ ಒಂದು ಪೆಟ್ಟಿಗೆ ಕೈಗವಸು ಕೊಟ್ಟುಬಂದರು. ಲಸಿಕೆ ಎಷ್ಟೇ ಒಳ್ಳೆಯದಿದ್ದರೂ ಕೊಟ್ಟಿಗೆಯಲ್ಲಿ ಈಗಾಗಲೇ ಸೋಂಕಿರುವ ಹಸುವನ್ನು ಅದು ಗುಣಪಡಿಸುವುದಿಲ್ಲ. ಈ ಮಾತನ್ನು ಲಸಿಕೆಯ ಕೆಲಸ ಮಾಡುವವರೇ ಜೋರಾಗಿ ಹೇಳಬೇಕು.

ಅದೇ ಊರುಗಳಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಯುವ ಪಶುವೈದ್ಯರಿಗೆ ಕರು ಕೊಸರಿದಾಗ ಎಸ್-19 ತುಂಬಿದ ಸಿರಿಂಜಿನ ಸೂಜಿ ಅಂಗೈಗೆ ನೆಟ್ಟಿತು. ಅವರು ಅದನ್ನು ಮುಚ್ಚಿಡದೆ ಆಸ್ಪತ್ರೆಗೆ ಹೋಗಿ ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್ ಶುರುಮಾಡಿದ್ದರಿಂದ ಬಚಾವಾದರು. ಇಂಥ ಔಷಧಿಗಳನ್ನು ವಾರಗಟ್ಟಲೆ ನುಂಗಬೇಕು. ಕ್ಷೇತ್ರದಲ್ಲಿ ಲಸಿಕೆ ಹಾಕುವವರಿಗೆ ಕನ್ನಡಕ, ಕೈಗವಸು, ಕರು ಹಿಡಿಯಲು ಒಬ್ಬ ಸಹಾಯಕ ಇಷ್ಟನ್ನಾದರೂ ತಪ್ಪದೆ ಕೊಡಬೇಕು ಎಂದು ನಾನು ಹೋದಲ್ಲೆಲ್ಲ ಹೇಳುತ್ತಿರುವುದು ಅದನ್ನು ಹತ್ತಿರದಿಂದ ನೋಡಿದ ಮೇಲೆ. ಆರ್‌ಬಿ-51 ಆಗಿದ್ದರೆ ಆ ಎರಡು ಔಷಧಿಗಳಲ್ಲಿ ಒಂದು ಉಪಯೋಗಕ್ಕೇ ಬರುತ್ತಿರಲಿಲ್ಲ. ನಮ್ಮ ತಳಿಯಲ್ಲಿ ಮನುಷ್ಯರ ಚಿಕಿತ್ಸೆಗೆ ಬೇಕಾದ ಯಾವ ಔಷಧಿಗೂ ಪ್ರತಿರೋಧ ಉಳಿಯಬಾರದು ಎಂದು ಮೊದಲೇ ನಿರ್ಧರಿಸಿದ್ದೆವು. ಜೀನ್ ತೆಗೆಯುವಾಗ ಗುರುತಿಗಾಗಿ ಸೇರಿಸಿದ್ದನ್ನೆಲ್ಲ ಕೊನೆಗೆ ತೆಗೆದುಹಾಕಿದೆವು.

ಹಿಂಬಾಲಿಸಿದ ಕರುಗಳಲ್ಲಿ ಹೆಚ್ಚಿನವುಗಳ ಪ್ರತಿಕಾಯ ಇಳಿಯಿತು, ಕೆಲವು ಇಳಿಯದೆ ನಿಂತವು. ಆ ಕೆಲವು ಕರುಗಳು ಲಸಿಕೆಯಿಂದ ಹಾಗಿದ್ದವೋ, ತಾಯಿಯಿಂದ ಬಂದ ಸೋಂಕಿನಿಂದಲೋ ಎಂದು ರಕ್ತ ನೋಡಿ ಹೇಳಲಾಗದು. ಅವನ್ನು ಈಯುವವರೆಗೆ ನೋಡಬೇಕು. ಹಾಗೆ ನೋಡಬೇಕಾಗಿದ್ದ ಕಡಸುಗಳಲ್ಲಿ ಹಲವು ಮಾರಾಟವಾದವು. ಓಲೆಯ ಅಂಕಿ ಕಂಪ್ಯೂಟರಿನಲ್ಲಿ ಹಳೆಯ ಮಾಲೀಕರ ಹೆಸರಿನಲ್ಲೇ ಇತ್ತು. ಹೆಣ್ಣುಗರುವನ್ನು ಸಾಕಿ ಗಬ್ಬ ಮಾಡಿ ಮಾರುವುದು ಎಷ್ಟೋ ಮನೆಗಳ ಆದಾಯ. ಅದನ್ನು ತಡೆಯಲು ಹೇಳುವುದು ಅನ್ಯಾಯ. ಮಾರಿದಾಗ ದಾಖಲೆಯೂ ಜೊತೆಗೆ ಹೋಗುವಂತೆ ಸಂತೆಯಲ್ಲೇ ವ್ಯವಸ್ಥೆ ಆಗಬೇಕು. ಈ ರೋಗದ ಮಟ್ಟಿಗೆ ಅದು ಲಸಿಕೆಯಷ್ಟೇ ಮುಖ್ಯ.

ಈಗ ಕೆಲಸ ಎಲ್ಲಿಗೆ ಬಂದಿದೆ ಎಂದರೆ, ಸಂಸ್ಥೆಯ ಜೈವಿಕ ಸುರಕ್ಷಾ ಸಮಿತಿ ದಾಟಿ, ಜೀನ್ ಬದಲಾವಣೆಯ ಕೆಲಸಗಳನ್ನು ಪರಿಶೀಲಿಸುವ ಕೇಂದ್ರದ ಸಮಿತಿಯ ಮುಂದೆ ನಮ್ಮ ಕಡತ ಇದೆ. ನಿರ್ಬಂಧಿತ ಕೊಟ್ಟಿಗೆಯಲ್ಲಿ ಕೆಲವು ಕರುಗಳಿಗೆ ಕೊಟ್ಟು ಜ್ವರ, ಊತ, ಮೂತ್ರ, ಸಗಣಿ ಎಲ್ಲವನ್ನೂ ನೋಡಿದ್ದೇವೆ. ಎಸ್-19ಕ್ಕಿಂತ ಜ್ವರ ಕಡಿಮೆ. ಇನ್ನುಳಿದದ್ದು ನಿಜವಾದ ಪರೀಕ್ಷೆ. ಲಸಿಕೆ ಪಡೆದ ಕಡಸುಗಳನ್ನು ಗಬ್ಬ ಮಾಡಿಸಿ, ಐದಾರು ತಿಂಗಳಲ್ಲಿ ರೋಗದ ತಳಿಯನ್ನು ಕಣ್ಣಿಗೆ ಹನಿಸಿ, ಈಯುವಾಗ ಕಸ, ಹಾಲು, ಕರುವಿನ ಶ್ವಾಸಕೋಶ, ಹೊಟ್ಟೆಯ ದ್ರವ, ಕೆಚ್ಚಲಿನ ದುಗ್ಧಗ್ರಂಥಿ ಎಲ್ಲವನ್ನೂ ಪರೀಕ್ಷಿಸುವುದು. ಹಸುಗಳನ್ನು ಇಟ್ಟುಕೊಂಡು ಇದನ್ನು ಮಾಡುವಂಥ ಮೂರನೆಯ ಹಂತದ ಸುರಕ್ಷಾ ಕೊಟ್ಟಿಗೆಗಳು ದೇಶದಲ್ಲಿ ಬೆರಳೆಣಿಕೆಯವು. ಅಲ್ಲಿ ಜಾಗ ಸಿಗಲು ಸರದಿ ಇದೆ. ಮೂರು ವರ್ಷದ ಅನುದಾನದಲ್ಲಿ ಕರು ಕಡಸಾಗುವುದಕ್ಕೇ ಅರ್ಧ ಕಾಲ ಹೋಗುತ್ತದೆ. ಈ ಸಲದ ಪ್ರಸ್ತಾವದಲ್ಲಿ ನಾವು ಅವಧಿಯನ್ನು ಆರು ವರ್ಷ ಎಂದು ಬರೆದು, ಮೊದಲ ಸಲ ಈದ ಹಸುಗಳು ಎರಡನೆಯ ಸಲ ಈಯುವವರೆಗೂ ಹಾಲಿನ ಪರೀಕ್ಷೆ ಮುಂದುವರಿಯಬೇಕು ಎಂದು ಕೇಳಿದ್ದೇವೆ.